ಅರಮನೆ ಅಳಿಯಿತು, ಬಸದಿ ಉಳಿಯಿತು

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 972ರಲ್ಲಿ ಪರಮಾರರ ಸೀಯಕ ಅದನ್ನು ಸೂರೆ ಮಾಡಿದ. ಅಮೋಘವರ್ಷ ನೃಪತುಂಗನ ಅರಮನೆಯ ವೈಭವ ಇಂದಿಲ್ಲ. ಆದರೆ ಕಾಗಿಣಾ ತೀರದ ಇದೇ ಊರಿನ ನೇಮಿನಾಥ ಬಸದಿಯಲ್ಲಿ 9ನೇ ಶತಮಾನದ ಕಲ್ಲುಕಂಬಗಳು ಇನ್ನೂ ಭಾರ ಹೊತ್ತು ನಿಂತಿವೆ. 96 ಬಿಂಬಗಳಿರುವ ಪಂಚಲೋಹದ ಪುಟ್ಟ ಮಂದಿರವೂ ಅಲ್ಲಿದೆ. ದೀಪ ಹಚ್ಚಲು ಬರುವವರ ಕಣ್ಣಿಗೆ ಗೋಡೆಯ ಬಿರುಕೂ ಬೀಳುತ್ತದೆ. ಕಂಡ ಬಿರುಕಿಗೆ ದುರಸ್ತಿಯೂ ಆಗುತ್ತದೆ. ಉಳಿವಿನ ಗುಟ್ಟು ಇದೇ. ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರ್ಚುಗಳು ಬಾಳಿದ್ದೂ ಹೀಗೆಯೇ. ಅಲ್ಲಿ 12ನೇ ಶತಮಾನದ ದುಂಡು ಕಮಾನು, 15ನೇ ಶತಮಾನದ ಗೋಪುರ ಒಂದೇ ಕಟ್ಟಡದಲ್ಲಿ ಕೂಡಿರುವುದುಂಟು.

ಬಳಕೆಯಿಂದ, ದುರಸ್ತಿಯಿಂದ ಮೂಲ ರೂಪ ಕೆಡುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಸುಣ್ಣಬಣ್ಣದಡಿ ಕೆತ್ತನೆ ಮುಚ್ಚಿಹೋಗಬಹುದು. ಆದರೆ ಚಾವಣಿಯೇ ಕುಸಿದರೆ ಕೆತ್ತನೆ ಎಲ್ಲಿ ಉಳಿದೀತು? ಪೂಜೆ ನಡೆಯಲಿ, ದುರಸ್ತಿ ಮಾತ್ರ ಬಲ್ಲವರ ಮಾತು ಕೇಳಿ ನಡೆಯಲಿ.