ಅಧ್ಯಾಪಕನು ಆಡಳಿತಗಾರನೇ, ನೌಕರನೇ?

2023ರ ನವೆಂಬರ್ ತಿಂಗಳಿನಲ್ಲಿ ನಮ್ಮ ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು, ತಮ್ಮ ಸೇವೆಯನ್ನು ಕಾಯಂಗೊಳಿಸಬೇಕೆಂದು ತರಗತಿಗಳನ್ನು ಬಹಿಷ್ಕರಿಸಿ ಧರಣಿ ಕುಳಿತರಷ್ಟೆ. ನನ್ನ ತಮ್ಮನ ಮಗನೂ ಅವರಲ್ಲೊಬ್ಬನು. ಅವನ ತಾಯಿ ನನ್ನ ಬಳಿಗೆ ಬಂದು, “ಪಾಠಾ ಹೇಳೂ ಮಂದಿ ಹಿಂಗ ರಸ್ತೆದಾಗ ಕುಂಡ್ರೂದು ಸರಿ ಏನ್ರೀ?” ಎಂದು ಕೇಳಿದಳು. ಮಠದ ಪಾಠಶಾಲೆಯಲ್ಲಿ ಓದಿ ಬೆಳೆದ ನನಗೆ ಉತ್ತರವು ತಕ್ಷಣ ಹೊಳೆಯಲಿಲ್ಲ. ನಮಗೆ ವ್ಯಾಕರಣ ಹೇಳಿದ ಶಾಸ್ತ್ರಿಗಳ ಸಂಬಳವೆಷ್ಟೆಂದು ನಾವಾರೂ ಕೇಳಿದವರಲ್ಲ. ಸುಗ್ಗಿಯ ನಂತರ ಅವರ ಮನೆಗೆ ಜೋಳದ ಚೀಲಗಳು ಹೋಗುತ್ತಿದ್ದುದನ್ನು ಮಾತ್ರ ಕಂಡಿದ್ದೆವು.

ಈ ಪ್ರಶ್ನೆಯು ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದಲ್ಲ. ಇದನ್ನೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ವಿಚಾರಿಸಿ ತೀರ್ಪಿತ್ತಿದೆ. ಆ ಮೊಕದ್ದಮೆಯು ನ್ಯೂಯಾರ್ಕ್ ನಗರದ ಯೆಶಿವಾ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದುದು. ಯೆಹೂದ್ಯರು 1886ರಲ್ಲಿ ತೆರೆದ ಒಂದು ಧಾರ್ಮಿಕ ಪಾಠಶಾಲೆಯೇ ಬೆಳೆದು ಈ ವಿಶ್ವವಿದ್ಯಾಲಯವಾಯಿತು; ಯೆಶಿವಾ ಎಂದರೆ ಧರ್ಮಗ್ರಂಥಗಳ ಅಧ್ಯಯನ ನಡೆಯುವ ಶಾಲೆ. ಪಾಠಶಾಲೆಯಿಂದ ಮೊದಲ್ಗೊಂಡು ದೊಡ್ಡ ವಿದ್ಯಾಸಂಸ್ಥೆಗಳಾಗಿ ಬೆಳೆದ ಮಠಗಳನ್ನು ಕಂಡ ನಮಗೆ ಈ ಕಥೆಯು ಅಪರಿಚಿತವೆನಿಸದು.

ಅಮೆರಿಕದಲ್ಲಿ 1935ರ ಕಾರ್ಮಿಕ ಸಂಬಂಧ ಕಾಯಿದೆಯು ಖಾಸಗಿ ಉದ್ಯಮದ ನೌಕರರಿಗೆ ಸಂಘ ಕಟ್ಟಿಕೊಂಡು, ಆ ಸಂಘದ ಮೂಲಕ ಮಾಲಿಕರೊಡನೆ ಮಾತುಕತೆ ನಡೆಸುವ ಹಕ್ಕನ್ನು ಕೊಟ್ಟಿತು. ಇದಕ್ಕೆ ಕನ್ನಡದಲ್ಲಿ ‘ಸಾಮೂಹಿಕ ಚೌಕಾಸಿ’ ಎನ್ನುತ್ತಾರೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಿನ ಮಾತನ್ನು ವಿದ್ವಾಂಸರಿಗೆ ಅಂಟಿಸಿದವರು ಯಾರೋ ಕಾಣೆ. ಆದರೆ ಪದವು ರೂಢಿಗೆ ಬಂದಿದೆ. ಇದರ ರೀತಿ ಹೀಗೆ: ನೌಕರರು ರಹಸ್ಯ ಮತದಾನದಿಂದ ಸಂಘವೊಂದನ್ನು ತಮ್ಮ ಪ್ರತಿನಿಧಿಯೆಂದು ಆರಿಸುತ್ತಾರೆ, ಆಮೇಲೆ ಆಡಳಿತವು ಪ್ರಾಮಾಣಿಕವಾಗಿ ಆ ಸಂಘದೊಡನೆ ಮಾತನಾಡಲೇಬೇಕು. ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ, ಮಾತನಾಡಲೇಬೇಕೆಂಬ ನಿರ್ಬಂಧವುಂಟು. ಸಂಬಳ, ಪಾಠದ ಹೊರೆ, ಕೆಲಸದಿಂದ ತೆಗೆಯುವ ಕ್ರಮ, ದೂರುಗಳನ್ನು ಮಧ್ಯಸ್ಥರ ಮುಂದಿಡುವ ಬಗೆ ಇವೆಲ್ಲ ಒಪ್ಪಂದದಲ್ಲಿ ಬರೆಯಲ್ಪಟ್ಟು ಕೆಲವು ವರ್ಷಗಳ ಕಾಲ ಇಬ್ಬರನ್ನೂ ಕಟ್ಟಿಹಾಕುತ್ತವೆ.

1970ರ ಸುಮಾರಿಗೆ ಈ ಕಾಯಿದೆಯ ಮಂಡಲಿಯು ಖಾಸಗಿ ವಿಶ್ವವಿದ್ಯಾಲಯಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. 1974ರಲ್ಲಿ ಯೆಶಿವಾದ ಅಧ್ಯಾಪಕರ ಸಂಘವು ಮನ್ನಣೆ ಕೋರಿ ಅರ್ಜಿ ಸಲ್ಲಿಸಿತು, ಮತದಾನದಲ್ಲಿ ಗೆದ್ದಿತು. ವಿಶ್ವವಿದ್ಯಾಲಯವು ಮಾತಿಗೆ ಕೂಡಲು ಒಪ್ಪಲಿಲ್ಲ. ವ್ಯಾಜ್ಯವು ಮೇಲೇರುತ್ತ ಹೋಗಿ, 1980ರ ಫೆಬ್ರವರಿ 20ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಜನರಲ್ಲಿ ಐವರು ವಿಶ್ವವಿದ್ಯಾಲಯದ ಪರವಾಗಿ ನಿಂತರು.

ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಪಾವೆಲ್ಲರ ತರ್ಕವು ಕುತೂಹಲಕರವಾದುದು. ಯಾವ ವಿಷಯವನ್ನು, ಯಾರಿಗೆ, ಹೇಗೆ ಕಲಿಸಬೇಕು, ಅಂಕಗಳನ್ನು ಹೇಗೆ ನೀಡಬೇಕು, ಯಾರನ್ನು ಸೇರಿಸಿಕೊಂಡು ಯಾರನ್ನು ತೇರ್ಗಡೆಗೊಳಿಸಬೇಕು ಎಂಬುದನ್ನೆಲ್ಲ ಅಲ್ಲಿ ನಿರ್ಧರಿಸುವವರು ಅಧ್ಯಾಪಕರೇ. ಬೇರೊಂದು ಉದ್ಯಮದಲ್ಲಿ ಇಂಥ ಅಧಿಕಾರವುಳ್ಳವರನ್ನು ಆಡಳಿತವರ್ಗದವರೆಂದೇ ಎಣಿಸುತ್ತಾರೆ. ಆಡಳಿತವರ್ಗದವರಿಗೆ ಆ ಕಾಯಿದೆಯ ರಕ್ಷಣೆಯಿಲ್ಲ. ಆದುದರಿಂದ ಇವರಿಗೂ ಇಲ್ಲ. ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ವಿದ್ವಾಂಸರೇ ಕೂಡಿ ತಮ್ಮನ್ನು ಆಳಿಕೊಳ್ಳುತ್ತಿದ್ದ ಪರಂಪರೆಯನ್ನೂ ಅವರು ನೆನೆದರು.

ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್ನರು ಇದನ್ನು ಒಪ್ಪಲಿಲ್ಲ. ಅಧ್ಯಾಪಕರ ಮಾತಿಗೆ ಬೆಲೆ ಬರುವುದು ಅವರ ಪಾಂಡಿತ್ಯದಿಂದಲೇ ಹೊರತು ಅವರು ಆಡಳಿತದ ಪರವಾಗಿ ಕೆಲಸ ಮಾಡುವುದರಿಂದಲ್ಲ. ಇಂದಿನ ವಿಶ್ವವಿದ್ಯಾಲಯವು ವಿದ್ವಾಂಸರ ಹಳೆಯ ಕೂಟವಾಗಿ ಉಳಿದಿಲ್ಲ, ವ್ಯಾಪಾರಿ ಸಂಸ್ಥೆಯಂತೆ ನಡೆಯುತ್ತಿದೆ ಎಂಬುದು ಅವರ ನಿಲುವು. ನನಗೆ ಇದೇ ಸತ್ಯಕ್ಕೆ ಹತ್ತಿರವೆಂದು ತೋರುತ್ತದೆ. ಪಠ್ಯವನ್ನು ಗೊತ್ತುಪಡಿಸುವವನು ಖಜಾನೆಯ ಕೀಲಿಕೈಯನ್ನು ಹಿಡಿದವನಲ್ಲ. ಸಂಬಳದ ವಿಷಯ ಬಂದೊಡನೆ ಅವನು ಹೊರಗಿನವನಾಗುತ್ತಾನೆ.

ವಿಚಿತ್ರವೆಂದರೆ, ನಮ್ಮಲ್ಲಿಯೂ ಗೌರವದ ದಾರಿಯಿಂದಲೇ ಹಕ್ಕು ಹೊರಬಿದ್ದಿತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆಗಳೂ ‘ಉದ್ಯಮ’ವೆಂದು ಹೇಳಿತ್ತು. ಆದರೆ 1988ರಲ್ಲಿ ಗೋವೆಯ ಶಾಲೆಯೊಂದರ ಅಧ್ಯಾಪಕಿಯ ಮೊಕದ್ದಮೆಯಲ್ಲಿ, ಕನ್ನಡಿಗರಾದ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು, ಶಾಲೆಯು ಉದ್ಯಮವಾದರೂ ಬೋಧಿಸುವವರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ, ಬೋಧನೆಯು ಉದಾತ್ತವಾದ ವೃತ್ತಿ ಎಂದು ತೀರ್ಪಿತ್ತರು. ಅಧ್ಯಾಪಕರಿಗೆ ಸಾಮಾಜಿಕ ನ್ಯಾಯವನ್ನು ನಿರಾಕರಿಸಲಾಗದು, ಅವರ ಅಳಲನ್ನು ಆಲಿಸಲು ತಕ್ಕ ವ್ಯವಸ್ಥೆ ಬೇಕು ಎಂದೂ ಅದೇ ತೀರ್ಪಿನಲ್ಲಿ ಬರೆದುದನ್ನು ಮರೆಯಬಾರದು. ಕೆಲಸ ಕಳೆದುಕೊಂಡ ಆ ತಾಯಿಗೆ ಮಾತ್ರ ಕಾಯಿದೆಯ ಬಾಗಿಲು ಮುಚ್ಚಿತು.

ಅಮೆರಿಕದಲ್ಲಿ ಯೆಶಿವಾ ತೀರ್ಪು ಖಾಸಗಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸಿತು. ಸರಕಾರಿ ವಿಶ್ವವಿದ್ಯಾಲಯಗಳು ಆಯಾ ರಾಜ್ಯದ ಕಾನೂನಿಗೆ ಒಳಪಟ್ಟವು. ಅಲ್ಲಿ ಸಂಘಗಳು ಬೆಳೆದವು. ಖಾಸಗಿ ಸಂಸ್ಥೆಗಳ ಮಟ್ಟಿಗೂ 2014ರಲ್ಲಿ ಮಂಡಲಿಯು, ಅಧ್ಯಾಪಕರನ್ನು ಆಡಳಿತಗಾರರೆನ್ನುವವರು ಅವರಿಗೆ ನಿಜವಾದ ಹಿಡಿತವಿದೆಯೆಂದು ಸಾಧಿಸಿ ತೋರಿಸಬೇಕು, ಕಾಗದದ ಮೇಲಿನ ಅಧಿಕಾರ ಸಾಲದು ಎಂದಿತು.

ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯವು 1766ರಲ್ಲಿ ಸ್ಥಾಪನೆಯಾದುದು. ಹಳೆಯ ಒಪ್ಪಂದವು 2022ರ ಜೂನ್‌ನಲ್ಲಿ ಮುಗಿದು, ತಿಂಗಳುಗಟ್ಟಲೆ ಮಾತು ನಡೆದೂ ಇತ್ಯರ್ಥವಾಗದಿದ್ದಾಗ, 2023ರ ಏಪ್ರಿಲ್ 10ರಂದು ಅಲ್ಲಿನ ಅಧ್ಯಾಪಕರು ಆ ಸಂಸ್ಥೆಯ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ ಮುಷ್ಕರ ಹೂಡಿದರು. ರಾಜ್ಯಪಾಲರು ಎರಡೂ ಪಕ್ಷಗಳನ್ನು ರಾಜಧಾನಿಗೆ ಕರೆಯಿಸಿ ಕೂರಿಸಿದರು. ವಾರ ಕಳೆಯುವುದರೊಳಗೆ ಒಪ್ಪಂದದ ಚೌಕಟ್ಟು ಸಿದ್ಧವಾಯಿತು. ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ, ಕಾಯಂ ಪ್ರಾಧ್ಯಾಪಕರು ತಮಗಿಂತ ಬಡವರಾದ ಅರೆಕಾಲಿಕ ಉಪನ್ಯಾಸಕರನ್ನು ಬಿಟ್ಟು ಒಪ್ಪಂದಕ್ಕೆ ಹೋಗಲಿಲ್ಲ. ಕಾಯಂ ಅಧ್ಯಾಪಕರ ವೇತನವು ಒಪ್ಪಂದದ ಅವಧಿಯಲ್ಲಿ ನೂರಕ್ಕೆ ಸುಮಾರು 14ರಷ್ಟು ಏರುವುದೆಂದಾದರೆ, ಅರೆಕಾಲಿಕರ ದರವು ಸುಮಾರು 44ರಷ್ಟು ಏರುವುದೆಂದಾಯಿತು.

ಇಷ್ಟನ್ನೂ ತಮ್ಮನ ಹೆಂಡತಿಗೆ ಹೇಳಿ, ಮಗನು ಕುಳಿತುದರಲ್ಲಿ ತಪ್ಪಿಲ್ಲವೆಂದೆನು. 2024ರ ಜನವರಿಯಲ್ಲಿ ಸರಕಾರವು ಗೌರವಧನವನ್ನು ಹೆಚ್ಚಿಸಿತು. ಸೇವೆಯು ಕಾಯಂ ಆಗಲಿಲ್ಲ. ಹುಡುಗನು ಮನೆಗೆ ಬಂದಾಗ ಸಮಾಧಾನವಾಯಿತೇ ಎಂದು ವಿಚಾರಿಸಿದೆನು. “ರೊಕ್ಕ ಹೆಚ್ಚಾತು, ದೊಡ್ಡಪ್ಪಾ. ಮುಂದಿನ ವರ್ಷ ನನ್ನ ಹೆಸರು ಪಟ್ಟಿಯೊಳಗ ಇರತದೋ ಇಲ್ಲೋ ಅನ್ನೂದನ್ನ ಯಾರಿಗೆ ಕೇಳಬೇಕು?” ಎಂದನು.