ಮದುವೆಗೆ ಐದು ನಾಣ್ಯ, ಮುಂಜಿವೆಗೆ ಎರಡೂವರೆ

ಕೂಡಲಸಂಗಮದ ಐಕ್ಯಮಂಟಪಕ್ಕೆ ಬಾವಿಗಿಳಿದಂತೆ ಇಳಿಯಬೇಕು. ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು. ಇಳಿಯುವಾಗೆಲ್ಲ ನನ್ನನ್ನು ಕಾಡುವುದು ಭಕ್ತಿಗಿಂತ ಹೆಚ್ಚಾಗಿ ಖರ್ಚಿನ ಲೆಕ್ಕ. ಮುಂಜಿವೆ ಬೇಡವೆಂದು ಬಾಗೇವಾಡಿ ಬಿಟ್ಟ ಹುಡುಗ ಬಸವಣ್ಣ ಇಲ್ಲಿ ಓದಿದ ಎನ್ನುತ್ತದೆ ಕಥೆ. ಅವನ ಊಟ, ದೀಪದೆಣ್ಣೆ ಯಾರ ಗಂಟಿನಿಂದ?

ಹಳೆಯ ಶಾಲೆಗಳ ಜಮಾಖರ್ಚು ನೋಡಬೇಕೆಂದರೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಓದಬೇಕು. ಬಸವಣ್ಣನಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನದು, ಕ್ರಿ.ಶ. 945. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ನಾನಾ ಸೀಮೆಯ ಹುಡುಗರು ಬಂದರು. ಶಾಲೆಗೆ 500 ನಿವರ್ತನ ಭೂಮಿ, ಗುರುವಿಗೆ 50, ಹುಡುಗರ ವಾಸಕ್ಕೆ 27 ಮನೆ. ದೀಪಕ್ಕೆಂದೇ ಬೇರೆ 12 ನಿವರ್ತನ! ಅಷ್ಟೇ ಅಲ್ಲ, ಊರಲ್ಲಿ ಮದುವೆಯಾದರೆ ಐದು ನಾಣ್ಯ, ಮುಂಜಿವೆಗೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಸಲ್ಲಬೇಕು. ಓದುವವರು ಬ್ರಾಹ್ಮಣ ವಟುಗಳಷ್ಟೇ, ಅದನ್ನು ಮರೆಯಬಾರದು. ಬಾಗೇವಾಡಿಯ ಹುಡುಗ ಸಾಲೋಟಗಿಯಲ್ಲಿ ಹುಟ್ಟಿದ್ದರೆ ಶಾಲೆಗೆ ಎರಡೂವರೆ ನಾಣ್ಯ ಖೋತಾ.

ಇನ್ನು ನಮ್ಮ ಕಾಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಹುನಗುಂದ, ಇಳಕಲ್ಲಿನ ಹುಡುಗರು ಅಂಕಪಟ್ಟಿಗೆ ಧಾರವಾಡದ ಬಸ್ ಹತ್ತಿದರು. 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಬಿ.ಎ., ಬಿ.ಕಾಂ. ಹುಡುಗರಿಗೆ ಅದರಿಂದೇನು? 2010ರಿಂದ ಅವರ ಬಸ್ಸು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಡೆ ತಿರುಗಿತು, ಅಷ್ಟೆ.

ಆಮೇಲೆ ಸರ್ಕಾರ ಒಂದೇ ಏಟಿಗೆ ಏಳು ವಿಶ್ವವಿದ್ಯಾಲಯ ಘೋಷಿಸಿತು. ಬಾಗಲಕೋಟೆಯದು ಜಮಖಂಡಿಯ ಸ್ನಾತಕೋತ್ತರ ಕೇಂದ್ರದಲ್ಲಿ ಬೋರ್ಡು ಹಾಕಿಕೊಂಡಿತು. ಆರಂಭಕ್ಕೆ ತಲಾ ಎರಡು ಕೋಟಿ ರೂಪಾಯಿ. ಉಳಿದದ್ದನ್ನು ಕಾಲೇಜುಗಳ ಸಂಯೋಜನಾ ಶುಲ್ಕ, ಮಕ್ಕಳ ಪರೀಕ್ಷಾ ಶುಲ್ಕದಲ್ಲಿ ಹೊಂದಿಸಿಕೊಳ್ಳಬೇಕು. ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ ಇಲ್ಲದೆ ದೆಹಲಿಯ ಅನುದಾನ ಬಾರದು; ಆ ಮಾನ್ಯತೆಗೆ ಸ್ವಂತ ಕಟ್ಟಡ, ಕಾಯಂ ಅಧ್ಯಾಪಕರು ಬೇಕು; ಅವಕ್ಕೆ ದುಡ್ಡು ಬೇಕು. ಗಾಣದೆತ್ತು ಸುತ್ತಿದಂತೆ.

ನನಗೆ ಸಿಟ್ಟು ಬರುವುದು ಇಲ್ಲೇ. ಎಣ್ಣೆಗೂ ಹೊಲ ಬಿಟ್ಟುಕೊಟ್ಟ ಸೀಮೆ ಇದು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ, ನಡೆಸುವುದು ಕಷ್ಟವೆಂದು, ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಪಟ್ಟಿಯಲ್ಲಿ ಬಾಗಲಕೋಟೆಯೂ ಇತ್ತು. ಒಟ್ಟಿಗೆ ಘೋಷಿಸಿದ್ದ ಆ ಏಳರಲ್ಲಿ ಪಟ್ಟಿಯಿಂದ ಪಾರಾದದ್ದು ಬೀದರ್ ಒಂದೇ. ಅದರ ಕೈಯಲ್ಲಿ ಕಾಲೇಜುಗಳು ಹೆಚ್ಚಿದ್ದವು.