ಪುಷ್ಪಾವತಿಯ ದಡದ ಹೂಗಣಿವೆ

1931ನೆಯ ಇಸವಿಯಲ್ಲಿ, 7756 ಮೀಟರು ಎತ್ತರದ ಕಾಮೆಟ್ ಶಿಖರವನ್ನೇರಿ ಇಳಿದ ಬ್ರಿಟಿಷ್ ಪರ್ವತಾರೋಹಿಗಳು ಗಢವಾಲದ ಭ್ಯೂಂಡಾರ್ ಕಣಿವೆಗೆ ಬಂದರು. ಹಿಮವನ್ನೂ ಬಂಡೆಯನ್ನೂ ನೋಡಿ ದಣಿದಿದ್ದ ಅವರ ಕಣ್ಣಿಗೆ ಅಲ್ಲಿ ಬಿದ್ದುದು ಹೂಗಳಿಂದ ತುಂಬಿದ ಇಳಿಜಾರುಗಳು. ತಂಡದ ನಾಯಕನಾದ ಫ್ರಾಂಕ್ ಸ್ಮೈತ್ 1937ರಲ್ಲಿ ಮತ್ತೆ ಅಲ್ಲಿಗೆ ಹೋಗಿ ಸಸ್ಯಗಳನ್ನೂ ಬೀಜಗಳನ್ನೂ ಸಂಗ್ರಹಿಸಿದನು. ಮರುವರ್ಷ ಆತನು ಬರೆದ ಪುಸ್ತಕದಿಂದ ‘ಹೂಗಳ ಕಣಿವೆ’ ಎಂಬ ಹೆಸರು ಲೋಕಕ್ಕೆಲ್ಲ ತಿಳಿಯಿತು. ಅದನ್ನೋದಿ ಸಸ್ಯಸಂಗ್ರಹಕ್ಕೆಂದು ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆ 1939ರಲ್ಲಿ ಬಂಡೆಯಿಂದ ಜಾರಿ ಬಿದ್ದು ಮೃತಳಾದಳು. ಆಕೆಯ ಸಮಾಧಿ ಇಂದಿಗೂ ಕಣಿವೆಯ ನಡುವೆ ಇದೆ.

ಸ್ಮೈತ್ ಈ ಕಣಿವೆಯನ್ನು ‘ಕಂಡುಹಿಡಿದನು’ ಎಂದು ಹೇಳುವುದು ರೂಢಿಯಾಗಿದೆ. ಆದರೆ ಕೆಳಗಿನ ಹಳ್ಳಿಗಳ ಕುರುಬರು ಅದಕ್ಕೂ ಬಹು ಹಿಂದಿನಿಂದಲೇ ಪ್ರತಿ ಬೇಸಗೆಯಲ್ಲಿಯೂ ತಮ್ಮ ಕುರಿಗಳನ್ನು ಅಲ್ಲಿಗೆ ಅಟ್ಟಿಕೊಂಡು ಹೋಗುತ್ತಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರಲಿದೆ.

ಕಣಿವೆಯು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿದೆ. ಬದರೀನಾಥದ ದಾರಿಯಲ್ಲಿ ಸಿಕ್ಕುವ ಗೋವಿಂದಘಾಟದಿಂದ ಕವಲೊಡೆದು ಪುಲ್ನಾ ಗ್ರಾಮದವರೆಗೆ ವಾಹನದಲ್ಲಿ ಹೋಗಬಹುದು. ಅಲ್ಲಿಂದ ಲಕ್ಷ್ಮಣಗಂಗೆಯ ದಡದಲ್ಲಿ ಏರುತ್ತ ಸಾಗಿದರೆ ಘಾಂಘರಿಯಾ ಎಂಬ ಊರು ದೊರೆಯುತ್ತದೆ. ಮರುದಿನ ಬೆಳಿಗ್ಗೆ ಸಿಖ್ ಯಾತ್ರಿಕರು ಬಲಗಡೆಯ ಕಡಿದಾದ ದಾರಿಯಿಂದ ಹೇಮಕುಂಡಕ್ಕೆ ನಡೆಯುತ್ತಾರೆ. ಹೂಗಳನ್ನು ನೋಡಬಯಸುವವರು ಎಡಕ್ಕೆ ತಿರುಗಿ, ಪುಷ್ಪಾವತಿ ನದಿಯನ್ನು ದಾಟಿ, ಭೂರ್ಜವೃಕ್ಷಗಳ ನಡುವೆ ಹತ್ತಬೇಕು. ನಮ್ಮ ಪೂರ್ವಿಕರು ಗ್ರಂಥಗಳನ್ನು ಬರೆಯುತ್ತಿದ್ದ ಭೂರ್ಜಪತ್ರವು ಈ ಮರದ ತೊಗಟೆಯೇ. ಮರಗಳು ಮುಗಿದೊಡನೆ ಬಯಲು ತೆರೆದುಕೊಳ್ಳುತ್ತದೆ. ಕಣಿವೆಯೊಳಗೆ ರಾತ್ರಿ ತಂಗಲು ಅನುಮತಿಯಿಲ್ಲವಾದುದರಿಂದ ಸಂಜೆಯೊಳಗೆ ಘಾಂಘರಿಯಾಕ್ಕೆ ಹಿಂದಿರುಗುವುದು ಅವಶ್ಯ.

ಇಷ್ಟು ಎತ್ತರದಲ್ಲಿ, ಇಷ್ಟೊಂದು ಹೂಗಳು ಒಟ್ಟಿಗೆ ಅರಳುವುದೇಕೆ? ಸಾವಿರ ಮೀಟರು ಏರಿದಂತೆಲ್ಲ ಗಾಳಿಯ ಉಷ್ಣತೆಯು ಸುಮಾರು ಆರು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೀಗಾಗಿ 3500 ಮೀಟರು ಎತ್ತರದ ಈ ಸ್ಥಳವು ಕಡಲತೀರಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ತಂಪು. ವರ್ಷದ ಬಹುಭಾಗ ನೆಲದ ಮೇಲೆ ಹಿಮ ಹಾಸಿರುತ್ತದೆ. ಅದು ಕರಗುವುದು ಮೇ ಜೂನ್ ತಿಂಗಳುಗಳಲ್ಲಿ. ಅಕ್ಟೋಬರಿನ ವೇಳೆಗೆ ಮತ್ತೆ ಕೊರೆಯುವ ಚಳಿ. ಚಿಗುರುವುದು, ಅರಳುವುದು, ಬೀಜ ಕಟ್ಟುವುದು ಎಲ್ಲವನ್ನೂ ಈ ನಡುವಿನ ನಾಲ್ಕೈದು ತಿಂಗಳುಗಳಲ್ಲಿ ಮುಗಿಸಬೇಕು. ನಮ್ಮ ಬಯಲುಸೀಮೆಯ ಗಿಡಗಳಂತೆ ಸರದಿಯ ಮೇಲೆ ಹೂಬಿಡಲು ಇಲ್ಲಿ ಕಾಲಾವಕಾಶವೆಲ್ಲಿ? ಆದುದರಿಂದ ಇಲ್ಲಿಯ ಗಿಡಗಳಲ್ಲಿ ಹೆಚ್ಚಿನವು ಬಹುವಾರ್ಷಿಕಗಳು. ಬೇರುಗಳಲ್ಲಿಯೂ ಕಂದಗಳಲ್ಲಿಯೂ ಆಹಾರವನ್ನು ಕೂಡಿಟ್ಟುಕೊಂಡು ಹಿಮದಡಿಯಲ್ಲಿ ಕಾಯುತ್ತವೆ. ಕೆಲವಂತೂ ಮುಂದಿನ ವರ್ಷದ ಮೊಗ್ಗನ್ನು ಹಿಂದಿನ ವರ್ಷವೇ ಸಿದ್ಧಪಡಿಸಿರುತ್ತವೆ. ಬೆಚ್ಚನೆಯ ದಿನಗಳೂ ಮುಂಗಾರು ಮಳೆಯೂ ಜೊತೆಯಾಗಿ ಒದಗುವ ಜುಲೈ ಆಗಸ್ಟ್‌ಗಳಲ್ಲಿ ಗಸಗಸೆಯ ಕುಟುಂಬದ ನೀಲಿ ಹೂವು, ಕರ್ಣಕುಂಡಲದ ಬಂಧುಗಳು, ನೆಲದ ಆರ್ಕಿಡ್‌ಗಳು ಎಲ್ಲವೂ ಒಮ್ಮೆಗೇ ಮೇಳೈಸುತ್ತವೆ. ಚಳಿಯಲ್ಲಿ ಹಾರುವ ಕೀಟಗಳು ವಿರಳ. ಹಾರಾಟದ ಸ್ನಾಯುಗಳನ್ನು ನಡುಗಿಸಿ ಮೈ ಬಿಸಿಮಾಡಿಕೊಳ್ಳಬಲ್ಲ ದಪ್ಪ ದುಂಬಿಗಳು ಇಲ್ಲಿ ಪರಾಗಸ್ಪರ್ಶದ ಮುಖ್ಯ ಸೇವಕರು.

ಬ್ರಹ್ಮಕಮಲದ ವಿಷಯವಾಗಿ ಒಂದು ಮಾತು. ನಮ್ಮ ಊರುಗಳ ಮನೆಯಂಗಳದಲ್ಲಿ ರಾತ್ರಿ ಅರಳಿ, ನೆರೆಹೊರೆಯವರನ್ನೆಲ್ಲ ಕೂಡಿಸುವ ‘ಬ್ರಹ್ಮಕಮಲ’ವು ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬದ್ದು, ಅರಳುವುದು ಹಗಲಿನಲ್ಲಿ. ಅದರ ನೇರಳೆ ಬಣ್ಣದ ಚಿಕ್ಕ ಹೂಗೊಂಚಲನ್ನು ಕಾಗದದಷ್ಟು ತೆಳುವಾದ, ಬೆಳಕು ತೂರುವ ಎಲೆಗಳು ದೋಣಿಯಂತೆ ಸುತ್ತುವರಿದಿರುತ್ತವೆ. ಇವು ಮಳೆಯನ್ನು ತಡೆದು, ಬಿಸಿಲಿನ ಶಾಖವನ್ನು ಒಳಗೆ ಹಿಡಿದಿಡುತ್ತವೆ. ಗಾಜಿನ ಮನೆಯಲ್ಲಿ ತೋಟಗಾರನು ಮಾಡುವುದೂ ಇದನ್ನೇ ಅಲ್ಲವೆ?

ಇನ್ನು ಕುರಿಗಳ ವಿಚಾರ. 1982ರಲ್ಲಿ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತಾರ 87.5 ಚದರ ಕಿಲೋಮೀಟರು. 2005ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಉದ್ಯಾನವಾದ ಮೇಲೆ ಮೇಯಿಸುವುದು ನಿಂತಿತು. ಕುರಿ ಮೇಯದಿದ್ದರೆ ಹೂ ಹೆಚ್ಚುವುದೆಂದೇ ಯಾರೂ ಭಾವಿಸುವರು. ಆದರೆ ಪಾಲಿಗೋನಮ್ ಎಂಬ ಒಂದು ಗಿಡವು ಕಣಿವೆಯ ಕೆಲವು ಭಾಗಗಳಲ್ಲಿ ದಟ್ಟವಾಗಿ ಹಬ್ಬಲಾರಂಭಿಸಿತು. ಇದು ಪರದೇಶದ್ದಲ್ಲ, ಹಿಮಾಲಯದ್ದೇ. ಆಳೆತ್ತರಕ್ಕೆ ಬೆಳೆದು, ನೆಲದೊಳಗಿನ ಕಾಂಡದಿಂದ ಹರಡಿ, ತನ್ನ ಅಡಿಯ ಕುಳ್ಳ ಗಿಡಗಳಿಗೆ ಬೆಳಕನ್ನೇ ಬಿಡುವುದಿಲ್ಲ. ಹಿಂದೆ ಕುರಿಗಳು ಇದರ ಎಳೆಯ ಚಿಗುರನ್ನು ಮೆದ್ದು ತುಳಿದು ಹತೋಟಿಯಲ್ಲಿಡುತ್ತಿದ್ದುವೆಂದು ಒಂದು ಪಕ್ಷ. ಕುರಿಗಳು ತಂಗಿ ಗೊಬ್ಬರ ಬಿದ್ದಿದ್ದ ನೆಲದಲ್ಲಿಯೇ ಇದು ಸೊಕ್ಕಿ ಬೆಳೆಯಿತೆಂದೂ, ಕಣಿವೆಯ ಒಟ್ಟು ಸಸ್ಯವೈವಿಧ್ಯ ಕುಗ್ಗಿಲ್ಲವೆಂದೂ ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿರುವಂತೆ ತೋರುತ್ತದೆ. ಭೂಕುಸಿತದಿಂದಲೋ ಹಿಮಪಾತದಿಂದಲೋ ಕದಡಿದ ಮಣ್ಣು ಈ ಗಿಡಕ್ಕೆ ಬಲು ಇಷ್ಟ. ಕಾಲುದಾರಿಯನ್ನು ಬಿಟ್ಟು ಛಾಯಾಚಿತ್ರಕ್ಕಾಗಿ ಹೂಗಳ ನಡುವೆ ನುಗ್ಗುವವರ ಪಾದಗಳೂ ಮಣ್ಣನ್ನು ಕದಡುತ್ತವೆ. ತುಳಿತಕ್ಕೆ ಸಿಕ್ಕ ಗಿಡ ಚೇತರಿಸಿಕೊಳ್ಳಲು ಇಲ್ಲಿ ವರ್ಷಕ್ಕೆ ಸಿಗುವುದು ಆ ನಾಲ್ಕೈದು ತಿಂಗಳುಗಳೇ.

ಅರಣ್ಯ ಇಲಾಖೆಯು ಪಾಲಿಗೋನಮ್ ಗಿಡಗಳನ್ನು ಬೀಜ ಕಟ್ಟುವ ಮೊದಲೇ ಕೂಲಿಯಾಳುಗಳಿಂದ ಕೀಳಿಸುತ್ತ ಬಂದಿದೆ. ನೆಲದೊಳಗೆ ಕಾಂಡದ ಒಂದು ತುಂಡು ಉಳಿದರೂ ಅದು ಮರುವರ್ಷ ಚಿಗುರೊಡೆಯುತ್ತದೆ. ಆದುದರಿಂದ ಒಮ್ಮೆ ಕಿತ್ತ ಜಾಗಕ್ಕೆ ಅವರು ಮತ್ತೆ ಮತ್ತೆ ಹೋಗಬೇಕಾಗಿದೆ.